ವೈದ್ಯರು ಡೆನ್ವರ್‌ನಲ್ಲಿ, ಜೊತೆಗಾರ ರೋಸ್‌ಬಡ್‌ನಲ್ಲಿ: ಲಕೋಟಾ ಮಾಜಿ ಸೈನಿಕರ ಮಾನಸಿಕ ಚಿಕಿತ್ಸೆಯ ಒಂದು ಪ್ರಕರಣ

ಅಮೆರಿಕದ ಸೌತ್ ಡಕೋಟಾ ರಾಜ್ಯದ ದಕ್ಷಿಣದ ಅಂಚಿಗೆ ರೋಸ್‌ಬಡ್ ಮೀಸಲು ಪ್ರದೇಶವಿದೆ. ಸಿಚಾಂಗು ಲಕೋಟಾ ಬುಡಕಟ್ಟಿನ ನೆಲ. ಇಡಿಯಾಗಿ ಇದರೊಳಗೇ ಬರುವ ಟಾಡ್ ಕೌಂಟಿಯ ವಿಸ್ತೀರ್ಣ ಸುಮಾರು 1,390 ಚದರ ಮೈಲಿ. ಜನ ಹತ್ತು ಸಾವಿರವೂ ಇಲ್ಲ. ಇಲ್ಲಿನ ಮಾಜಿ ಸೈನಿಕನೊಬ್ಬ ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆಗೆ ಹೋಗಬೇಕಾದರೆ ಹೆದ್ದಾರಿ 18 ಹಿಡಿದು ಪಶ್ಚಿಮಕ್ಕೆ 150 ಮೈಲಿ ದಾಟಿ ಹಾಟ್ ಸ್ಪ್ರಿಂಗ್ಸ್ ಸೇರಬೇಕು, ಇಲ್ಲವೇ ಇನ್ನೂ ದೂರದ ಫೋರ್ಟ್ ಮೀಡ್‌ಗೆ ಹೋಗಬೇಕು. ಹತ್ತಿರದ್ದೇ ನಮ್ಮ ಲೆಕ್ಕದಲ್ಲಿ ಚಿಕ್ಕಮಗಳೂರಿನಿಂದ ಬೆಂಗಳೂರಿನಷ್ಟು ದೂರ. ಮುಕ್ಕಾಲು ಗಂಟೆಯ ಮಾತುಕತೆಗೆ ಒಂದು ಇಡೀ ಹಗಲು, ಒಂದು ಟ್ಯಾಂಕ್ ಪೆಟ್ರೋಲು.

ದೂರ ಬರೀ ಮೈಲಿಗಳದ್ದಾಗಿದ್ದರೆ ಒಂದು ವ್ಯಾನು ಬಿಟ್ಟರೆ ಮುಗಿಯುತ್ತಿತ್ತು. ಫೋರ್ಟ್ ಮೀಡ್ ಕೋಟೆಯನ್ನು ಕಟ್ಟಿದ್ದು 1878ರಲ್ಲಿ, ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಿಗೆ ಚಿನ್ನ ಅರಸಿ ಬಂದ ಬಿಳಿಯರನ್ನು ಲಕೋಟಾಗಳಿಂದ ಕಾಯಲು. 1868ರ ಫೋರ್ಟ್ ಲಾರಮಿ ಒಪ್ಪಂದ ಆ ಬೆಟ್ಟಗಳನ್ನು ಲಕೋಟಾಗಳಿಗೇ ಬಿಟ್ಟಿತ್ತು. 1877ರಲ್ಲಿ ಅಮೆರಿಕದ ಸಂಸತ್ತು ಅವನ್ನು ಕಿತ್ತುಕೊಂಡಿತು. ಆರಂಭದ ವರ್ಷಗಳಲ್ಲಿ ಆ ಕೋಟೆಯಲ್ಲಿ ಬೀಡುಬಿಟ್ಟಿದ್ದ ಏಳನೇ ಅಶ್ವದಳವೇ 1890ರಲ್ಲಿ ವೂಂಡೆಡ್ ನೀ ಎಂಬಲ್ಲಿ ಲಕೋಟಾಗಳ ಹತ್ಯಾಕಾಂಡ ನಡೆಸಿದ್ದು. 1944ರಲ್ಲಿ ಅದೇ ಕೋಟೆ ಮಾಜಿ ಸೈನಿಕರ ಆಸ್ಪತ್ರೆಯಾಯಿತು. ವಿಯೆಟ್ನಾಂನಿಂದ ಮರಳಿದವನಿಗೆ, ನಿನ್ನ ದುಃಸ್ವಪ್ನಕ್ಕೆ ಮದ್ದು ಅಲ್ಲಿದೆ ಹೋಗು ಎಂದರೆ, ಮನೆಯ ಹಿರಿಯರು ಏನೆಂದಾರು?

ಈ ಪ್ರಕರಣ 2002ರಲ್ಲಿ ರೋಸ್‌ಬಡ್‌ನಲ್ಲಿ ಶುರುವಾದ ವಿಡಿಯೊ ಕ್ಲಿನಿಕ್‌ನದು. ಕೊಲರಾಡೊ ವಿಶ್ವವಿದ್ಯಾಲಯ, ವಿಎ ಎಂದು ಎಲ್ಲರೂ ಕರೆಯುವ ಮಾಜಿ ಸೈನಿಕರ ಇಲಾಖೆ, ಬುಡಕಟ್ಟುಗಳ ಆರೋಗ್ಯ ನೋಡುವ ಕೇಂದ್ರ ಸರ್ಕಾರದ ಇಂಡಿಯನ್ ಹೆಲ್ತ್ ಸರ್ವಿಸ್ ಮತ್ತು ಬುಡಕಟ್ಟಿನ ಆಡಳಿತ, ಈ ನಾಲ್ವರೂ ಕೈ ಹಾಕಿದ ಕೆಲಸ. ಮನೋವೈದ್ಯ ಜೇ ಶೋರ್ ಮತ್ತು ಮಾನವಶಾಸ್ತ್ರಜ್ಞ ಸ್ಪೆರೊ ಮ್ಯಾನ್ಸನ್ ಇದರ ಹಿಂದಿನ ಮುಖ್ಯ ಹೆಸರುಗಳು. ಮುಂದೆ ಉತ್ತರ ಬಯಲುಸೀಮೆಯ ಬೇರೆ ಮೀಸಲು ಪ್ರದೇಶಗಳಿಗೂ ಹರಡಿತು. ಇದನ್ನು ಟೆಲಿಮೆಡಿಸಿನ್‌ನ ಗೆಲುವು ಎಂದು ಬರೆಯುವುದು ರೂಢಿ. ನಮ್ಮ ಓದು ಸ್ವಲ್ಪ ಬೇರೆ. ಕ್ಯಾಮೆರಾ ವೈದ್ಯರನ್ನು ಊರಿಗೆ ತಂದಿತು. ಮಾಜಿ ಸೈನಿಕನನ್ನು ಕ್ಯಾಮೆರಾದ ಮುಂದೆ ತಂದು ಕೂರಿಸಿದ್ದು, ಮುಂದಿನ ವಾರ ಮತ್ತೆ ಬರುವಂತೆ ಮಾಡಿದ್ದು, ಊರಿನದೇ ಇನ್ನೊಬ್ಬ ವ್ಯಕ್ತಿ. ಆ ಹುದ್ದೆಯ ಹೆಸರು ಟ್ರೈಬಲ್ ಔಟ್‌ರೀಚ್ ವರ್ಕರ್. ಬುಡಕಟ್ಟಿನವರೇ, ಹೆಚ್ಚಾಗಿ ಸ್ವತಃ ಸೇನೆಯಲ್ಲಿ ಇದ್ದು ಬಂದವರು. ಇಲ್ಲಿ ಅವರನ್ನು ಜೊತೆಗಾರ ಎನ್ನುತ್ತೇವೆ.

ಕಾಯಿಲೆಯ ಪ್ರಮಾಣ ಎಷ್ಟೆಂಬುದು ಮೊದಲು. ವಿಯೆಟ್ನಾಂ ಯೋಧರ ಬಗ್ಗೆ 1988ರಲ್ಲಿ ಮುಗಿದ ರಾಷ್ಟ್ರೀಯ ಅಧ್ಯಯನದಲ್ಲಿ, ಅಲ್ಲಿ ಸೇವೆ ಸಲ್ಲಿಸಿದ ಪುರುಷರ ಪೈಕಿ ಆಗ ಪಿಟಿಎಸ್‌ಡಿ (ಭೀಕರ ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ) ಇದ್ದವರು ಬಿಳಿಯರು ಮತ್ತು ಇತರರಲ್ಲಿ ಶೇ. 13.7, ಕಪ್ಪು ಜನರಲ್ಲಿ ಶೇ. 20.6, ಹಿಸ್ಪಾನಿಕ್ ಮೂಲದವರಲ್ಲಿ ಶೇ. 27.9. ಮೂಲನಿವಾಸಿಗಳನ್ನು ಬೇರೆಯಾಗಿ ಲೆಕ್ಕ ಹಾಕುವಷ್ಟು ಜನ ಆ ಮಾದರಿಯಲ್ಲಿ ಇರಲೇ ಇಲ್ಲ. ಹಾಗಾಗಿ 1990ರಲ್ಲಿ ಸಂಸತ್ತು ಮತ್ತೊಂದು ಅಧ್ಯಯನಕ್ಕೆ ಆದೇಶಿಸಿತು; ಹವಾಯಿಯ ಸೆನೆಟರ್ ಸ್ಪಾರ್ಕ್ ಮಾತ್ಸುನಾಗಾ ಹೆಸರಿನದು. ನೈಋತ್ಯ ಮತ್ತು ಉತ್ತರ ಬಯಲಿನ ಬುಡಕಟ್ಟುಗಳ ವಿಯೆಟ್ನಾಂ ಯೋಧರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ, ಯುದ್ಧ ಮುಗಿದು ಎರಡು ದಶಕ ಕಳೆದಿದ್ದರೂ, ಪಿಟಿಎಸ್‌ಡಿ ಇನ್ನೂ ಇತ್ತು. ಈ ವ್ಯತ್ಯಾಸದ ಬಹುಪಾಲಿಗೆ ಕಾರಣ ಅವರು ಕಂಡ ಕಾಳಗದ ತೀವ್ರತೆ. ಹೆಚ್ಚು ಹೊತ್ತು, ಹೆಚ್ಚು ಮುಂದಿನ ಸಾಲಿನಲ್ಲಿ ನಿಂತವರಿಗೆ ಹೆಚ್ಚು ಗಾಯ. ಜನಾಂಗದ ಮನೋಬಲ ಕಡಿಮೆ ಎಂದು ಈ ಅಂಕಿಗಳನ್ನು ಓದುವವರು ಇಂದಿಗೂ ಇದ್ದಾರೆ. ಅದು ತಪ್ಪು ಓದು.

ಮಾದರಿಯ ಕಟ್ಟಡ ಸರಳ. ಕೊಲರಾಡೊ ರಾಜ್ಯದ ರಾಜಧಾನಿ ಡೆನ್ವರ್‌ನಲ್ಲಿ ವಿಎಯ ಮನೋವೈದ್ಯರು. ಮೀಸಲು ಪ್ರದೇಶದಲ್ಲಿ ಒಂದು ಕೋಣೆ, ಪರದೆ, ಕ್ಯಾಮೆರಾ, ಮೈಕು. ನಡುವೆ ಲೈನು; ಆ ಕಾಲದ ಟೆಲಿಸೈಕಿಯಾಟ್ರಿಗೆ ಸೆಕೆಂಡಿಗೆ 384 ಕಿಲೋಬಿಟ್ ಸಾಕೆಂದು ಹೇಳುತ್ತಿದ್ದರು. ಮೊದಲ ವರ್ಷಗಳಲ್ಲಿ ಲೈನಿನ ಬಾಡಿಗೆಯೇ ಭಾರ, ಆಮೇಲೆ ದರ ಇಳಿದಂತೆ ಅದೇ ವ್ಯವಸ್ಥೆ ವೈದ್ಯರನ್ನು ವಿಮಾನದಲ್ಲಿ ಕಳಿಸುವುದಕ್ಕಿಂತ ಅಗ್ಗವಾಯಿತು. ಉಪಕರಣದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ. ಜೊತೆಗಾರನ ಕೆಲಸದ ಬಗ್ಗೆ ತುಂಬ ಇದೆ.

ಅವನ ಕೆಲಸ ಕ್ಲಿನಿಕ್‌ನ ದಿನಕ್ಕೆ ಬಹಳ ಮೊದಲೇ, ಕಾಗದದಿಂದ ಶುರುವಾಗುತ್ತದೆ. ವಿಎ ಸೇವೆಗೆ ಹೆಸರು ನೋಂದಾಯಿಸಲು 10-10ಇಝಡ್ ಅರ್ಜಿ ಬೇಕು. ಅದರ ಜೊತೆ ಸೇನೆಯಿಂದ ಬಿಡುಗಡೆಯಾದ ಡಿಡಿ 214 ಪತ್ರ ಇದ್ದರೆ ಕೆಲಸ ಬೇಗ ಸಾಗುತ್ತದೆ. ಮನೆ ಸುಟ್ಟೋ, ಊರು ಬದಲಾಗಿಯೋ ಆ ಪತ್ರ ಎಷ್ಟೋ ಜನರ ಬಳಿ ಇರುವುದಿಲ್ಲ. ನಕಲಿಗೆ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ದಾಖಲೆ ಕೇಂದ್ರಕ್ಕೆ ಬರೆಯಬೇಕು. ಬಿಡುಗಡೆಯ ದರ್ಜೆ ಗೌರವಯುತವಾಗಿಲ್ಲದಿದ್ದರೆ ಅನೇಕರು ತಮಗೆ ಏನೂ ಸಿಗದೆಂದು ತಾವೇ ತೀರ್ಮಾನಿಸಿ ಕೂತಿರುತ್ತಾರೆ, ವಾಸ್ತವದಲ್ಲಿ ಪ್ರತಿ ಪ್ರಕರಣವನ್ನೂ ಪರಿಶೀಲಿಸುವ ಅವಕಾಶವಿದೆ. ಇದೇ ವರ್ಷಗಳಲ್ಲಿ ಮೊಂಟಾನಾ ಕಡೆಯಿಂದ ಬೆಳೆದ ಟ್ರೈಬಲ್ ವೆಟರನ್ ರೆಪ್ರೆಸೆಂಟೆಟಿವ್ ವ್ಯವಸ್ಥೆ ಈ ಕಾಗದದ ಕೆಲಸಕ್ಕೇ ಬುಡಕಟ್ಟಿನವರನ್ನು ತರಬೇತಿಗೊಳಿಸಿತು. ಹೊರಗಿನವರಿಗೆ ಇದು ಗುಮಾಸ್ತಿಕೆಯಂತೆ ಕಾಣುತ್ತದೆ. ಆದರೆ ನಂಬಿಕೆ ಬೆಳೆಯುವುದು ಇಲ್ಲೇ: ಹತ್ತು ವರ್ಷ ಸಿಗದ ಪತ್ರವನ್ನು ತರಿಸಿಕೊಟ್ಟವನು, ಒಂದು ಸಲ ಬಂದು ಡಾಕ್ಟರ ಹತ್ತಿರ ಮಾತಾಡು ಎಂದರೆ ಆ ಮಾತಿಗೆ ತೂಕವಿರುತ್ತದೆ.

ನಂತರ ಕ್ಲಿನಿಕ್‌ನ ವಾರ. ಎರಡು ದಿನ ಮುಂಚೆ ಒಂದು ಕರೆ, ಹಿಂದಿನ ಸಂಜೆ ಇನ್ನೊಂದು. ಫೋನಿಲ್ಲದ ಮನೆಗೆ ತಾನೇ ಹೋಗುವುದು. ಬರುವವನ ಪಿಕಪ್ ಕೆಟ್ಟಿದೆಯೇ, ರಸ್ತೆ ಹಿಮದಲ್ಲಿ ಮುಚ್ಚಿದೆಯೇ, ಮನೆತನದಲ್ಲಿ ಸಾವಾಗಿದೆಯೇ ಎಂದು ತಿಳಿದುಕೊಳ್ಳುವುದು. ಲಕೋಟಾ ಕುಟುಂಬದಲ್ಲಿ ಸಾವಿನ ವಿಧಿಗಳು ಹಲವು ದಿನ ನಡೆಯುತ್ತವೆ. ಆ ವಾರ ಬಾರದವನನ್ನು ಗೈರುಹಾಜರಿ ಎಂದು ಗಣಕ ದಾಖಲಿಸಿ ಪಟ್ಟಿಯಿಂದ ಕೈಬಿಟ್ಟರೆ ಅವನು ಮತ್ತೆ ಬರುವುದು ಅನುಮಾನ. ಜೊತೆಗಾರ ಒಂದು ಸಾಲು ಬರೆದು ಕಳಿಸಿದರೆ ಅಪಾಯಿಂಟ್‌ಮೆಂಟ್ ಉಳಿಯುತ್ತದೆ.

ಕ್ಲಿನಿಕ್‌ನ ದಿನ ಅವನು ಅರ್ಧ ಗಂಟೆ ಮೊದಲೇ ಕೋಣೆಗೆ ಬಂದು ಲೈನು ಹಚ್ಚಿ ನೋಡುತ್ತಾನೆ. ಪರದೆಯ ಮೇಲೆ ರೋಗಿಯ ಮುಖ ಕಾಣುವ ಚೌಕ ಡೆನ್ವರ್‌ನಲ್ಲಿ ಕ್ಯಾಮೆರಾದ ಸರಿ ಕೆಳಗೇ ಇರಬೇಕು. ಬದಿಯಲ್ಲಿದ್ದರೆ ವೈದ್ಯರು ಎತ್ತಲೋ ನೋಡುತ್ತ ಮಾತಾಡಿದಂತೆ ಕಾಣುತ್ತದೆ. ಕೋಣೆ ಆಸ್ಪತ್ರೆಯ ಸಾಮಾನ್ಯ ಹಾದಿಯಲ್ಲಿರಲಿ, ಬಾಗಿಲಿಗೆ ಮಾನಸಿಕ ವಿಭಾಗದ ಫಲಕ ಬೇಡ. ಇಷ್ಟು ಸಣ್ಣ ಊರಲ್ಲಿ ಯಾರ ಗಾಡಿ ಎಲ್ಲಿ ನಿಂತಿದೆ ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತು. ಮೊದಲ ಭೇಟಿಯಲ್ಲಿ ಜೊತೆಗಾರ ಒಳಗೇ ಕೂತು ಪರಿಚಯ ಮಾಡಿಸುತ್ತಾನೆ. ಯಾರ ಮಗ, ಯಾವ ದಳದಲ್ಲಿದ್ದ ಎಂಬ ಪರಿಚಯ ರೋಗಿಯದಷ್ಟೇ ಆದರೆ ಅರ್ಧವಾಯಿತು. ವೈದ್ಯರೂ ತಾವು ಯಾರು, ಎಲ್ಲಿಯವರು ಎಂದು ಹೇಳಬೇಕು. ಆಮೇಲೆ ಅವನು ಹೊರಗೆ ಹೋಗುತ್ತಾನೆ, ಆದರೆ ಕಟ್ಟಡ ಬಿಡುವುದಿಲ್ಲ.

ಮೌನದ ವಿಷಯ ಬೇರೆಯಾಗಿ ಹೇಳಬೇಕು. ಲಕೋಟಾ ಹಿರಿಯರ ಮಾತಿನಲ್ಲಿ ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ದೀರ್ಘ ಬಿಡುವು ಸಹಜ, ನೇರ ಕಣ್ಣಿಟ್ಟು ನೋಡದಿರುವುದು ಮರ್ಯಾದೆ. ವಿಡಿಯೊ ಲೈನು ತಾನೂ ಅರ್ಧ ಸೆಕೆಂಡು ತಡ ಮಾಡುತ್ತದೆ. ಎರಡೂ ಕೂಡಿದರೆ ವೈದ್ಯರು ರೋಗಿಯ ಮಾತು ಮುಗಿಯಿತೆಂದುಕೊಂಡು ಮುಂದಿನ ಪ್ರಶ್ನೆ ಹಾಕುತ್ತಾರೆ, ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಕಣ್ಣು ತಪ್ಪಿಸುತ್ತಾನೆ, ಉತ್ತರ ಚುಟುಕು ಎಂದು ಟಿಪ್ಪಣಿಯಾಗುತ್ತದೆ. ಖಿನ್ನತೆಯ ಲಕ್ಷಣವೆಂದು ಓದಿಬಿಡುವುದು ಸುಲಭ. ಮನಸ್ಸಿನಲ್ಲೇ ಐದು ಎಣಿಸಿ ಆಮೇಲೆ ಮಾತಾಡಿ ಎಂಬ ಸೂಚನೆಯನ್ನು ಯಾವ ಕೈಪಿಡಿಗಿಂತಲೂ ಚೆನ್ನಾಗಿ ಜೊತೆಗಾರ ಕೊಡಬಲ್ಲ, ಏಕೆಂದರೆ ಭೇಟಿ ಮುಗಿದ ಮೇಲೆ, ಡಾಕ್ಟರು ನನಗೆ ಮಾತಾಡಲು ಬಿಡಲೇ ಇಲ್ಲ ಎಂಬ ರೋಗಿಯ ದೂರು ಬರುವುದು ಜೊತೆಗಾರನ ಕಿವಿಗೆ.

ಇನ್ನೊಂದು ಉದಾಹರಣೆ ಔಷಧದ್ದು. ಪಿಟಿಎಸ್‌ಡಿಯ ದುಃಸ್ವಪ್ನಗಳಿಗೆ ವಿಎಯಲ್ಲಿ ಬಹಳ ಬಳಕೆಯಲ್ಲಿರುವ ಮಾತ್ರೆ ಪ್ರಾಜೋಸಿನ್. ಮಲಗುವಾಗ 1 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನ ಏರಿಸುತ್ತಾರೆ. ರಕ್ತದೊತ್ತಡ ಇಳಿಸುವ ಔಷಧವಾದ್ದರಿಂದ ಎದ್ದು ನಿಂತಾಗ ತಲೆ ತಿರುಗುವುದುಂಟು. ಲಕೋಟಾಗಳ ಇನಿಪಿ ವಿಧಿಯಲ್ಲಿ ಮುಚ್ಚಿದ ಗುಡಾರದೊಳಗೆ ಕಾದ ಕಲ್ಲಿಗೆ ನೀರು ಸುರಿದು, ಹಬೆಯಲ್ಲಿ ಬೆವರುತ್ತ, ಸುತ್ತು ಸುತ್ತಾಗಿ ಪ್ರಾರ್ಥಿಸುತ್ತಾರೆ. ಬೆವರಿ ನೀರು ಕಳೆದುಕೊಂಡ ಮೈಗೆ ಪ್ರಾಜೋಸಿನ್ ಸೇರಿದರೆ ಕುಸಿದು ಬೀಳುವ ಅಪಾಯ. ಮನಸ್ಥಿತಿಯ ಏರಿಳಿತಕ್ಕೆ ಕೊಡುವ ಲಿಥಿಯಂ ಸೇವಿಸುವವನಾದರೆ ಇನ್ನೂ ಕೆಟ್ಟದು, ನಿರ್ಜಲೀಕರಣದಿಂದ ರಕ್ತದಲ್ಲಿ ಅದರ ಮಟ್ಟ ವಿಷವಾಗುವಷ್ಟು ಏರಬಹುದು. ಶನಿವಾರ ಇನಿಪಿ ಇದೆ ಎಂದು ಡೆನ್ವರ್‌ನ ಪರದೆಗೆ ರೋಗಿ ತಾನಾಗಿ ಹೇಳುವುದಿಲ್ಲ. ವಿಧಿಯ ಮಾತು ಹೊರಗಿನವರೊಡನೆ ಆಡುವಂಥದಲ್ಲ ಎಂದು ಎಷ್ಟೋ ಜನ ಭಾವಿಸುತ್ತಾರೆ. ಜೊತೆಗಾರ ಏನೂ ವಿವರಿಸಬೇಕಿಲ್ಲ. ರೋಗಿಯ ಒಪ್ಪಿಗೆ ಪಡೆದು, ವಾರಾಂತ್ಯದಲ್ಲಿ ತುಂಬ ಬೆವರುತ್ತಾನೆ, ಡೋಸ್ ನೋಡಿ ಎಂದರೆ ಸಾಕು. ಕ್ಲಿನಿಕ್‌ಗಳು ಇದಕ್ಕೆ ವಿರುದ್ಧವಾದ ತಪ್ಪನ್ನೂ ಮಾಡುವುದುಂಟು: ಇನಿಪಿಯನ್ನೋ ಕಣ್ಣೀರು ಒರೆಸುವ ವಿಧಿಯನ್ನೋ ಚಿಕಿತ್ಸಾ ಯೋಜನೆಯ ಒಂದು ಸಾಲಾಗಿ ಬರೆದು, ಹಾಜರಾತಿ ಕೇಳುವುದು. ಅದು ವೈದ್ಯರ ಕೈಯಲ್ಲಿರುವ ಸಂಗತಿಯಲ್ಲ.

ಎಲ್ಲಿ ಕೆಡುತ್ತದೆ? ಮೊದಲನೆಯದಾಗಿ, ಜೊತೆಗಾರ ಡ್ರೈವರ್ ಆಗಿಬಿಡುತ್ತಾನೆ. ಗಾಡಿಯಿಲ್ಲದವರನ್ನು ಕರೆತರುವುದು ಅವನ ಕೆಲಸದ ಭಾಗ ಹೌದು. ಕರೆತರಲು ಬೇರೆ ಯಾರೂ ಇಲ್ಲವಾದಾಗ ಅದೇ ಇಡೀ ಕೆಲಸವಾಗುತ್ತದೆ, ಮನೆಮನೆ ಸುತ್ತಿ ಹೊಸಬರನ್ನು ಮಾತಾಡಿಸುವುದು ನಿಲ್ಲುತ್ತದೆ, ಪಟ್ಟಿ ಹಳಬರಲ್ಲೇ ಮುಗಿಯುತ್ತದೆ. ಮೈಲೇಜ್ ಭತ್ಯೆಗೆ ಬೇರೆ ಹಣ, ಅಮೆರಿಕದ ಅಂಗವಿಕಲ ಯೋಧರ ಸಂಘದಂಥ ಸಂಸ್ಥೆಗಳ ಸ್ವಯಂಸೇವಕ ವ್ಯಾನು, ಇವೆರಡೂ ಆರಂಭದಲ್ಲೇ ಲಿಖಿತವಾಗಿ ನಿಗದಿಯಾಗಬೇಕು.

ಎರಡನೆಯದು ನೆಂಟಸ್ತಿಕೆ. ಇಲ್ಲಿ ಸಂಬಂಧವಿಲ್ಲದ ರೋಗಿ ಸಿಗುವುದೇ ಕಷ್ಟ. ಸಂಬಂಧಿಕರನ್ನು ನೋಡಬಾರದು ಎಂಬ ನಗರದ ನಿಯಮ ತಂದರೆ ಕ್ಲಿನಿಕ್ ಖಾಲಿ. ಕೆಲಸ ಮಾಡುವ ದಾರಿ ಬೇರೆ: ಪ್ರತಿಯೊಬ್ಬ ರೋಗಿಗೂ ಮೊದಲ ದಿನವೇ ಕೇಳುವುದು, ಈತ ನಿನ್ನ ವಿಷಯದಲ್ಲಿ ಏನೇನು ತಿಳಿಯಬಹುದು? ಬರುವ ಹೋಗುವ ಸಮಯ ಮಾತ್ರವೇ, ಔಷಧವೂ ಸರಿಯೇ, ಕುಡಿತದ ವಿಷಯವೂ ಸರಿಯೇ? ಉತ್ತರವನ್ನು ಬರೆದಿಟ್ಟು, ಕೆಲವು ತಿಂಗಳಿಗೊಮ್ಮೆ ಮತ್ತೆ ಕೇಳುವುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳಾ ಸೈನಿಕರಿಗೆ ಪುರುಷ ಜೊತೆಗಾರನೊಬ್ಬನೇ ಬಾಗಿಲಾಗಿದ್ದರೆ ಅವರು ಬಾಗಿಲ ತನಕವೂ ಬರುವುದಿಲ್ಲ. ಅವರಿಗೆ ನೇರವಾಗಿ ನರ್ಸ್ ಮೂಲಕ ಸಮಯ ಪಡೆಯುವ ಎರಡನೇ ದಾರಿ ಇರಬೇಕು.

ಮೂರನೆಯದು ದಾಖಲೆ. ಇಂಡಿಯನ್ ಹೆಲ್ತ್ ಸರ್ವಿಸ್ ಬಹುಕಾಲ ಬಳಸಿದ ಆರ್‌ಪಿಎಂಎಸ್ ತಂತ್ರಾಂಶ ವಿಎಯ ವಿಸ್ಟಾದಿಂದಲೇ ಬೆಳೆದದ್ದು. ಅಣ್ಣತಮ್ಮಂದಿರು, ಆದರೂ ಮಾತಿಲ್ಲ. ಊರಿನ ವೈದ್ಯರು ಬರೆದ ನಿದ್ದೆ ಮಾತ್ರೆ ಡೆನ್ವರ್‌ಗೆ ಕಾಣುವುದಿಲ್ಲ, ಡೆನ್ವರ್‌ನದು ಇಲ್ಲಿಗೆ ಕಾಣುವುದಿಲ್ಲ. ಮನೆಯಲ್ಲಿರುವ ಎಲ್ಲ ಮಾತ್ರೆ ಡಬ್ಬಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬಾ ಎಂದು ಜೊತೆಗಾರ ಹಿಂದಿನ ಸಂಜೆಯ ಕರೆಯಲ್ಲಿ ಹೇಳಿದರೆ, ಕ್ಯಾಮೆರಾಗೆ ಒಂದೊಂದಾಗಿ ತೋರಿಸಿ ಐದು ನಿಮಿಷದಲ್ಲಿ ಪಟ್ಟಿ ಮಾಡಬಹುದು. ಎರಡು ಇಲಾಖೆಗಳ ನಡುವೆ 2003ರಲ್ಲಿ ಮತ್ತು 2010ರಲ್ಲಿ ಸಹಕಾರದ ಒಪ್ಪಂದಗಳಾದವು. ಚೀಲದ ಅಗತ್ಯ ಅದರಿಂದ ತಪ್ಪಲಿಲ್ಲ.

ತುರ್ತು ಪರಿಸ್ಥಿತಿಗೆ ಸ್ವಲ್ಪ ನಿಲ್ಲೋಣ. ರೋಗಿ ಸಾಯುವ ಮಾತಾಡಿದರೆ ವೈದ್ಯರು ನೂರಾರು ಮೈಲಿ ಆಚೆ. ಆದ್ದರಿಂದ ಪ್ರತಿ ಭೇಟಿಯ ಆರಂಭದಲ್ಲಿ ರೋಗಿ ಇರುವ ಕಟ್ಟಡ, ಬುಡಕಟ್ಟು ಪೊಲೀಸರ ನಂಬರು, ಸ್ಥಳೀಯ ತುರ್ತು ವಿಭಾಗದ ನಂಬರು ಡೆನ್ವರ್‌ನ ಮೇಜಿನ ಮೇಲಿರಬೇಕು. ಈ ಪಟ್ಟಿಯನ್ನು ಒಮ್ಮೆ ಬರೆದು ಗೋಡೆಗೆ ಅಂಟಿಸಿ ಮರೆಯುವುದು ದೊಡ್ಡ ಅಪಾಯ. 2015ರ ಡಿಸೆಂಬರ್‌ನಲ್ಲಿ ರೋಸ್‌ಬಡ್ ಆಸ್ಪತ್ರೆಯ ತುರ್ತು ವಿಭಾಗವೇ ಮುಚ್ಚಿ ಸುಮಾರು ಏಳು ತಿಂಗಳು ತೆರೆಯಲಿಲ್ಲ. ಆಂಬುಲೆನ್ಸ್‌ಗಳು ಸುಮಾರು 50 ಮೈಲಿ ದೂರದ ವಿನ್ನರ್‌ಗೋ ನೆಬ್ರಾಸ್ಕಾದ ವ್ಯಾಲೆಂಟೈನ್‌ಗೋ ಓಡಬೇಕಾಯಿತು. ಗೋಡೆಯ ಪಟ್ಟಿ ನಂಬಿದವರ ಗತಿ ಹೇಳಬೇಕಿಲ್ಲ. ತಿಂಗಳಿಗೊಮ್ಮೆ ಆ ನಂಬರುಗಳಿಗೆ ಕರೆ ಮಾಡಿ ನೋಡುವುದು ಜೊತೆಗಾರನ ಕೆಲಸದ ಪಟ್ಟಿಯಲ್ಲಿರಲಿ.

ವಿಎಯಲ್ಲಿ ಬಳಕೆಯಲ್ಲಿರುವ ಸುರಕ್ಷತಾ ಯೋಜನೆಗೆ ಆರು ಹೆಜ್ಜೆ: ಎಚ್ಚರಿಕೆಯ ಲಕ್ಷಣಗಳು, ತಾನೇ ಮಾಡಿಕೊಳ್ಳಬಹುದಾದ್ದು, ಮನಸ್ಸು ಬೇರೆಡೆ ಸೆಳೆಯುವ ಜನ ಮತ್ತು ಜಾಗ, ನೆರವು ಕೇಳಬಹುದಾದವರು, ವೃತ್ತಿಪರರು, ಕೊನೆಗೆ ಸಾವಿನ ಸಾಧನಗಳನ್ನು ದೂರವಿಡುವುದು. ಬೇಟೆಯ ಬಂದೂಕಿರುವ ಮನೆಯಲ್ಲಿ ಆರನೆಯದೇ ಮುಖ್ಯ. ವಿಎ ಉಚಿತವಾಗಿ ಕೊಡುವ ಕೇಬಲ್ ಬೀಗವನ್ನು ಕೈಗೆ ಕೊಟ್ಟು ಹಾಕುವುದು ಹೇಗೆಂದು ತೋರಿಸಲು ಜೊತೆಗಾರನಿಗಿಂತ ಸೂಕ್ತರಿಲ್ಲ. ನಾಲ್ಕನೇ ಹೆಜ್ಜೆಯಲ್ಲಿ ಮಾತ್ರ ಎಲ್ಲರೂ ಅವನ ಹೆಸರನ್ನೇ ಬರೆಯುತ್ತಾರೆ. ಮೂವತ್ತು ಜನರ ಯೋಜನೆಯಲ್ಲಿ ರಾತ್ರಿ ಎರಡು ಗಂಟೆಗೆ ಕರೆಯಬೇಕಾದ ಒಂದೇ ಹೆಸರು ಇದ್ದರೆ ಅದು ಮೂವತ್ತು ಜನರ ಯೋಜನೆಯಲ್ಲ, ಒಬ್ಬನ ಶಿಕ್ಷೆ. ಅವನದರ ಜೊತೆ ಇನ್ನೂ ಎರಡು ಹೆಸರು, ಮತ್ತು 988ಕ್ಕೆ ಕರೆ ಮಾಡಿ 1 ಒತ್ತಿದರೆ ಸಿಗುವ ಮಾಜಿ ಸೈನಿಕರ ಸಹಾಯವಾಣಿ ಕಡ್ಡಾಯ.

ಹುದ್ದೆಯ ಸ್ಥಾನಮಾನಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. ವಿಎಯಲ್ಲಿ ಪೀರ್ ಸ್ಪೆಷಲಿಸ್ಟ್ (ತಾನೂ ಅಂಥದೇ ನೋವು ಉಂಡು, ಈಗ ರೋಗಿಗಳಿಗೆ ನೆರವಾಗುವ ನೌಕರ) ಆಗಲು ಮಾಜಿ ಸೈನಿಕನಾಗಿರಬೇಕು, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡಿರಬೇಕು ಇಲ್ಲವೇ ಚೇತರಿಸಿಕೊಳ್ಳುತ್ತಿರಬೇಕು, ಪ್ರಮಾಣಪತ್ರ ಇರಬೇಕು ಎಂದು 2008ರ ಕಾನೂನು ಹೇಳಿತು. 2012ರ ಆಗಸ್ಟ್‌ನಲ್ಲಿ ಅಧ್ಯಕ್ಷ ಒಬಾಮಾ 2013ರ ಕೊನೆಯೊಳಗೆ 800 ಜನರನ್ನು ನೇಮಿಸಲು ಆದೇಶಿಸಿದರು. 2018ರ ಮಿಷನ್ ಕಾಯ್ದೆ ಅವರನ್ನು ಸಾಮಾನ್ಯ ವೈದ್ಯರ ತಂಡಗಳಿಗೂ ತಂದಿತು. ರೋಸ್‌ಬಡ್‌ನ ಹುದ್ದೆ ಇದಕ್ಕಿಂತ ಹಳೆಯದು, ಗುಣದಲ್ಲೂ ಬೇರೆ: ಪೀರ್ ಸ್ಪೆಷಲಿಸ್ಟ್‌ನ ಅರ್ಹತೆ ತಾನು ಉಂಡ ನೋವು, ಔಟ್‌ರೀಚ್ ವರ್ಕರ್‌ನ ಅರ್ಹತೆ ಊರಿನ ನಂಬಿಕೆ. ಒಬ್ಬನಲ್ಲೇ ಎರಡೂ ಇದ್ದರೆ ಒಳ್ಳೆಯದು. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಇಂಥ ಜಾಗದಲ್ಲಿ ನಾವು ಊರಿನ ನಂಬಿಕೆಯನ್ನೇ ಆರಿಸುತ್ತೇವೆ, ಪ್ರಮಾಣಪತ್ರವನ್ನು ಆಮೇಲೆ ಕೊಡಿಸಬಹುದು.

ಫಲ ಏನು? ಉತ್ತರ ಬಯಲಿನ ಮೂರು ಮೀಸಲು ಪ್ರದೇಶಗಳ ಇಂಥ ಕ್ಲಿನಿಕ್‌ಗಳಿಗೆ ಬಂದ 85 ಪುರುಷರ ದಾಖಲೆಗಳನ್ನು ನೋಡಿದಾಗ, ಸೇರಿದ ಮೇಲೆ ಅವರ ಮಾನಸಿಕ ಆರೋಗ್ಯ ಸೇವೆಯ ಬಳಕೆಯೂ ಔಷಧ ಚಿಕಿತ್ಸೆಯೂ ಹೆಚ್ಚಿದ್ದವು. ಹೋಲಿಸಲು ಜೊತೆಗಾರನಿಲ್ಲದ ಗುಂಪು ಇರಲಿಲ್ಲ, ಹಾಗಾಗಿ ಶ್ರೇಯಸ್ಸಿನಲ್ಲಿ ಅವನ ಪಾಲೆಷ್ಟು ಎಂದು ಅಂಕಿಯಲ್ಲಿ ಹೇಳುವಂತಿಲ್ಲ. ಒಟ್ಟಾರೆ ಪೀರ್ ನೆರವಿನ ಸಂಶೋಧನೆಗಳಲ್ಲಿ ಭರವಸೆ, ಆತ್ಮವಿಶ್ವಾಸ, ಚಿಕಿತ್ಸೆಯಲ್ಲಿ ಉಳಿಯುವುದು ಸುಧಾರಿಸುತ್ತದೆ. ರೋಗಲಕ್ಷಣಗಳ ಮೇಲೆ ನೇರ ಪರಿಣಾಮ ಕಡಿಮೆ. ಇದು ನಿರಾಸೆಯ ಮಾತೇನಲ್ಲ. ಪಿಟಿಎಸ್‌ಡಿಗೆ ಸಾಬೀತಾದ ಮಾತಿನ ಚಿಕಿತ್ಸೆಗಳಲ್ಲಿ ಒಂದಕ್ಕೆ 12 ಭೇಟಿ ಬೇಕು, ಇನ್ನೊಂದಕ್ಕೆ 8ರಿಂದ 15. ಮೂರನೆಯದಕ್ಕೇ ಬಿಟ್ಟವನಿಗೆ ಯಾವ ಚಿಕಿತ್ಸೆಯೂ ನಾಟುವುದಿಲ್ಲ, ಮತ್ತು ಕಪ್ಪು ಹಾಗೂ ಹಿಸ್ಪಾನಿಕ್ ಮಾಜಿ ಸೈನಿಕರು ಸಾಕಷ್ಟು ಚಿಕಿತ್ಸೆ ಪಡೆಯುವ ಮೊದಲೇ ಬಿಡುವ ಸಂಭವ ಹೆಚ್ಚೆಂದು ವಿಎ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಜೊತೆಗಾರನ ಕೆಲಸವನ್ನು ಅಳೆಯಲು ಪಿಟಿಎಸ್‌ಡಿ ಲಕ್ಷಣಗಳ ತೀವ್ರತೆ ತಿಳಿಸುವ, 20 ಪ್ರಶ್ನೆಗಳ ಪಿಸಿಎಲ್-5 ಅಂಕ ಬಳಸುವುದು ತಪ್ಪು ಅಳತೆಗೋಲು. ಅದು ವೈದ್ಯರ ಕೆಲಸವನ್ನು ಅಳೆಯಲಿ. ಅವನಿಗೆ ಬೇಕಾದ್ದು ಮೂರು ಎಣಿಕೆ: ಈ ತಿಂಗಳು ಮೊದಲ ಸಲ ಬಂದವರೆಷ್ಟು, ಮೊದಲ ಭೇಟಿಯಿಂದ ನಾಲ್ಕನೆಯದಕ್ಕೆ ಉಳಿದವರೆಷ್ಟು, ಬಿಟ್ಟು ಹೋಗಿ ಮರಳಿದವರೆಷ್ಟು.

ಕೊನೆಗೆ, ಅವನು ಕೆಲಸ ಬಿಟ್ಟರೆ? ಅನುದಾನ ಮುಗಿಯುತ್ತದೆ, ಆರೋಗ್ಯ ಕೆಡುತ್ತದೆ, ಬೇರೆ ಕೆಲಸ ಸಿಗುತ್ತದೆ. ಉಪಕರಣ ಅಲ್ಲೇ ಇರುತ್ತದೆ, ವೈದ್ಯರೂ ಇರುತ್ತಾರೆ, ಕುರ್ಚಿ ಮಾತ್ರ ಖಾಲಿಯಾಗುತ್ತ ಹೋಗುತ್ತದೆ. ಇದಕ್ಕೆ ಹುದ್ದೆ ತುಂಬುವ ಜಾಹೀರಾತು ಸಾಲದು. ಸಾಧ್ಯವಾದಲ್ಲೆಲ್ಲ ಇಬ್ಬರನ್ನು ಅರೆಕಾಲಿಕವಾಗಿ ಇಟ್ಟುಕೊಳ್ಳಿ, ಒಬ್ಬನನ್ನು ಪೂರ್ಣಕಾಲಿಕವಾಗಿ ಇಡುವುದಕ್ಕಿಂತ ಅದು ಮೇಲು. ಬಿಡುವವನೂ ಬರುವವನೂ ಕನಿಷ್ಠ ಮೂರು ತಿಂಗಳು ಒಟ್ಟಿಗೆ ಸಂಬಳದ ಮೇಲಿರಲಿ. ಆ ಅವಧಿಯಲ್ಲಿ ಹಳಬ ಹೊಸಬನನ್ನು ಪ್ರತಿ ಮನೆಗೂ ಒಮ್ಮೆ ಕರೆದೊಯ್ದು, ಯಾರ ಮಗ, ಎಲ್ಲಿ ಸೇವೆಯಲ್ಲಿದ್ದ ಎಂದು ಪರಿಚಯಿಸಲಿ. ಸುರಕ್ಷತಾ ಯೋಜನೆಗಳಲ್ಲಿ ತನ್ನ ಹೆಸರಿರುವ ಪ್ರತಿ ಹಾಳೆಯನ್ನೂ ರೋಗಿಯ ಎದುರೇ ಕೂತು ತಿದ್ದಿಸಲಿ. ಹಳೆಯ ಹಾಳೆ ಫ್ರಿಜ್ಜಿನ ಬಾಗಿಲ ಮೇಲೆ ಉಳಿದರೆ, ಬೇಕಾದ ರಾತ್ರಿ ಯಾರೂ ಎತ್ತದ ನಂಬರಿಗೆ ಕರೆ ಹೋಗುತ್ತದೆ.